ಕೈಯನ್ನು ಕೇಳಿದ ತಪ್ಪು

ಬೆಂಚಿನ ಎಡಗಾಲು ಮೋಟು ಎಂಬುದು ಷೀಜಾಳಿಗೆ ಗೊತ್ತಾದದ್ದೇ ಈ ಹನ್ನೊಂದು ದಿನಗಳಲ್ಲಿ. ಪಯ್ಯೋಳಿಯ ರೈಲ್ವೆ ಗೇಟಿನ ಪಕ್ಕದ ಈ ಸೇವಾ ಕೇಂದ್ರದಲ್ಲಿ ಹದಿನೇಳು ವರ್ಷ ದುಡಿದರೂ ಅವಳು ಅಲ್ಲಿಯ ತನಕ ಒಂದು ದಿನವೂ ಬೆಂಚಿನ ಮೇಲೆ ಕೂತವಳಲ್ಲ. ಬೆಂಚು ಬಂದವರದ್ದು. ರೇಷನ್ ಕಾರ್ಡಿಗೆ ಸೊಸೆಯ ಹೆಸರು ಸೇರಿಸಬೇಕಾದವರದ್ದು, ಜಾತಿ ಪತ್ರ ಬೇಕಾದವರದ್ದು, ಪಿಂಚಣಿಯ ಮುದುಕರದ್ದು. ಅವಳದ್ದು ಮೇಜಿನ ಆಚೆಯ ಕುರ್ಚಿ. ಈಗ ಅಲ್ಲಿ ಅನಘಾ ಕೂತಿದ್ದಾಳೆ, ಎರಡು ವರ್ಷದ ಹಿಂದೆ ಷೀಜಾಳೇ ಕೂರಿಸಿಕೊಂಡು ಕೆಲಸ ಕಲಿಸಿದ ಹುಡುಗಿ. ಆಪರೇಟರುಗಳೆಲ್ಲ ಆನ್‌ಲೈನ್ ಪರೀಕ್ಷೆ ಬರೆದು ಪಾಸಾದರೆ ಮಾತ್ರ ಲಾಗಿನ್ ಉಳಿಯುತ್ತದೆ ಎಂದು ಮೇಲಿನ ಕಚೇರಿ ಹೊಸದಾಗಿ ಆದೇಶ ಹೊರಡಿಸಿತ್ತು. ಅನಘಾ ನೂರಕ್ಕೆ ತೊಂಬತ್ತೆರಡು ತೆಗೆದಳು. ಷೀಜಾಳನ್ನು ಹದಿನೇಳನೇ ಪ್ರಶ್ನೆಯ ಹತ್ತಿರ ಎಬ್ಬಿಸಿ ಹೊರಗೆ ಕಳಿಸಿದರು. ನಕಲು ಮಾಡಿದಳು ಎಂದು. ಲಾಗಿನ್ ಅವತ್ತೇ ನಿಂತುಹೋಯಿತು. ಲಾಗಿನ್ ಇಲ್ಲದ ಆಪರೇಟರು ಕೇಂದ್ರದಲ್ಲಿ ಮಾಡುವುದಕ್ಕೆ ಏನೂ ಇಲ್ಲ. ಆದರೂ ಅವಳು ಪ್ರತಿದಿನ ಒಂಬತ್ತೂವರೆಗೆ ಬಂದು ಬೆಂಚಿನ ತುದಿಯಲ್ಲಿ ಕೂರುತ್ತಿದ್ದಳು. ಮನೆಯಲ್ಲಿ ಕೂತರೆ ಒಪ್ಪಿಕೊಂಡ ಹಾಗಾಗುತ್ತದೆ ಎಂದು ಅವಳ ಲೆಕ್ಕ.

"ಏನು ಚೇಚಿ, ಇವತ್ತು ಈ ಕಡೆ?" ಎಂದು ಮೊದಲೆರಡು ದಿನ ಬಂದವರೆಲ್ಲ, ಅಕ್ಕನನ್ನು ಕರೆಯುವ ಹಾಗೆ ಕರೆದು, ಕೇಳಿದರು. "ಬೆನ್ನುನೋವು" ಎಂದು ಮೊದಲ ದಿನ ಹೇಳಿದಳು. ಎರಡನೆಯ ದಿನ "ಕಣ್ಣುನೋವು" ಎಂದಳು. ಮೂರನೆಯ ದಿನದಿಂದ ಯಾರೂ ಕೇಳಲಿಲ್ಲ. ಊರಿಗೆಲ್ಲ ಗೊತ್ತಾಗಿದೆ ಎಂದು ಅದರಿಂದಲೇ ಗೊತ್ತಾಯಿತು. ಕೇಳುವವರ ಬಾಯಿಗಿಂತ ಕೇಳದವರ ಮುಖ ಹೆಚ್ಚು ಚುಚ್ಚುತ್ತದೆ. ಗಂಡ ಪುರುಷು ಮಾತ್ರ ಕೇಳಿದ್ದ. ಮರಗೆಣಸು ಸುಲಿಯುತ್ತಾ, ತಲೆ ಎತ್ತದೆ, "ನಿಜವಾಗ್ಲೂ ನೋಡಿ ಬರೆದ್ಯಾ?" ಎಂದಿದ್ದ. ಬೈದಿದ್ದರೆ ಅವಳೂ ಬೈದು ಮುಗಿಸುತ್ತಿದ್ದಳು. ನೋಡಿ ಬರೆದಿದ್ದರೂ ತನಗೇನೂ ಬೇಜಾರಿಲ್ಲ ಎಂಬ ಹಾಗೆ, ಸಮಾಧಾನವಾಗಿ ಕೇಳಿದ. ಆ ಸಮಾಧಾನವನ್ನು ಅವಳು ಇನ್ನೂ ಕ್ಷಮಿಸಿಲ್ಲ.

ಅನಘಾ ಕೆಲಸ ಮಾಡುವುದನ್ನು ಇಲ್ಲಿಂದ ನೋಡುವುದೇ ಒಂದು ಶಿಕ್ಷೆ. ಒಬ್ಬರನ್ನು ಕರೆಯುತ್ತಾಳೆ, ಅವರ ಅರ್ಜಿ ತೆರೆಯುತ್ತಾಳೆ, ಮುಗಿಸುತ್ತಾಳೆ, ಮುಚ್ಚುತ್ತಾಳೆ, ಮುಂದಿನವರನ್ನು ಕರೆಯುತ್ತಾಳೆ. ಪರದೆಯ ಮೇಲೆ ಯಾವಾಗಲೂ ಒಂದೇ ಪುಟ. ಓಟಿಪಿ ಬರುವುದು ತಡವಾದರೆ "ನಾಳೆ ಬನ್ನಿ" ಎಂದು ಮುಚ್ಚಿಬಿಡುತ್ತಾಳೆ. ಷೀಜಾಳ ಕ್ರಮ ಬೇರೆ. ಒಬ್ಬರಿಗೆ ಒಂದು ವಿಂಡೋ, ಅವರ ಕಾಗದಪತ್ರಗಳಿಗೆ ಆ ವಿಂಡೋದ ಒಳಗೇ ಸಾಲಾಗಿ ಟ್ಯಾಬುಗಳು. ನಾರಾಯಣಿಯಮ್ಮನ ಓಟಿಪಿ ಮಗಳ ಫೋನಿಗೆ ಬರಬೇಕು, ಮಗಳು ಮೀನು ಮಾರ್ಕೆಟ್ಟಿನಲ್ಲಿದ್ದಾಳೆ, ಸರಿ, ಆ ವಿಂಡೋ ಹಾಗೇ ಇರಲಿ, ಪಕ್ಕದಲ್ಲಿ ಕುಂಞಿಕಣ್ಣನದ್ದು ತೆಗೆ. ಕುಂಞಿಕಣ್ಣನ ಭೂಕಂದಾಯದ ಪುಟ ಸುತ್ತುತ್ತಾ ಇದೆ, ಸುತ್ತಲಿ, ಮುಂದಿನವರು ಬನ್ನಿ. ಹನ್ನೆರಡು ಗಂಟೆಯ ಹೊತ್ತಿಗೆ ಪರದೆಯ ಕೆಳಗೆ ಹದಿನೈದು ಇಪ್ಪತ್ತು ವಿಂಡೋಗಳು. ಯಾವುದು ಯಾರದು ಎಂದು ಅವಳು ನೋಡಿ ಹೇಳಬೇಕಾಗಿರಲಿಲ್ಲ, ಬೆಂಚಿನ ಮೇಲೆ ಯಾರ ಪಕ್ಕ ಯಾರು ಕೂತಿದ್ದರೋ ಅದೇ ಕ್ರಮ. ಹಿಂದಕ್ಕೆ ಹೋಗುವ ಬಾಣದ ಗುರುತನ್ನು ಮಾತ್ರ ಅವಳು ಸತ್ತರೂ ಒತ್ತುವುದಿಲ್ಲ. ಹಿಂದೆ ಹೋದರೆ ಸರ್ವರು ಬರೆದದ್ದನ್ನೆಲ್ಲ ನುಂಗುತ್ತದೆ. ಏನೇ ನೋಡಬೇಕಾದರೂ ಹೊಸದು ತೆರೆ, ಇದ್ದದ್ದನ್ನು ಮುಟ್ಟಬೇಡ. ಈ ಕರಾವಳಿಯ ಹಳೆಯ ಆಪರೇಟರುಗಳೆಲ್ಲ ಹೀಗೇ. ಯಾರೂ ಪುಸ್ತಕ ಓದಿ ಕಲಿತದ್ದಲ್ಲ, ಸರ್ವರಿನ ಹತ್ತಿರ ಪೆಟ್ಟು ತಿಂದು ಕಲಿತದ್ದು.

"ಚೇಚಿ, ನಿಜವಾಗ್ಲೂ ನಿಮಗೆ ಹೊಸ ಟ್ಯಾಬ್ ತೆರೆಯೋ ಕೀ ಕಂಟ್ರೋಲ್ ಅಂತ ಗೊತ್ತಿರ್ಲಿಲ್ವಾ?" ಎಂದು ಅನಘಾ ಮೊನ್ನೆ ಕೇಳಿದಳು. ಕುಹಕ ಇರಲಿಲ್ಲ. ಆಶ್ಚರ್ಯ ಇತ್ತು.

"ನಿಂಗೆ ನಿಮ್ಮಮ್ಮ ಅನ್ನಕ್ಕೆ ನೀರು ಎಷ್ಟು ಗ್ಲಾಸು ಇಡ್ತಾರೆ ಅಂತ ಗೊತ್ತಾ?" ಎಂದಳು ಷೀಜಾ.

"ಇಲ್ಲ."

"ನಿಮ್ಮಮ್ಮನಿಗೂ ಗೊತ್ತಿರಲ್ಲ. ಹೋಗಿ ಕೇಳು."

ಹೇಳುವಾಗ ಚೆನ್ನಾಗಿತ್ತು. ಆಮೇಲೆ ಬೆಂಚಿನ ಮೇಲೆ ಕೂತಾಗ, ಅನಘಾಳ ಅಮ್ಮನಿಗೆ ಯಾರೂ ಪರೀಕ್ಷೆ ಇಡುವುದಿಲ್ಲವಲ್ಲ ಅನ್ನಿಸಿತು.

ಕೇಂದ್ರದ ಒಡೆಯ, ಎಲ್ಲರೂ ಅಣ್ಣ ಎಂಬಂತೆ ಇಕ್ಕಾ ಎಂದು ಕರೆಯುವ ಅಸೈನಾರ್, ಹತ್ತು ಗಂಟೆಗೆ ಬಂದು ಒಂದು ಹಾಳೆ ಕೊಟ್ಟರು. ಇವತ್ತು ಮಧ್ಯಾಹ್ನ ಹನ್ನೆರಡೂವರೆಗೆ ಕೋಝಿಕ್ಕೋಡಿನ ಕಚೇರಿಯಲ್ಲಿ ವಿಚಾರಣೆ. ಅಲ್ಲಿ ಕೊಡಬೇಕಾದ ತಪ್ಪೊಪ್ಪಿಗೆಯನ್ನು ಅವರೇ ಅನಘಾಳಿಂದ ಟೈಪ್ ಮಾಡಿಸಿದ್ದರು. "ಪರೀಕ್ಷೆಯ ವೇಳೆ ಮೂರು ಸಲ ಬೇರೆ ಟ್ಯಾಬ್ ತೆರೆದು ಉತ್ತರ ನಕಲು ಮಾಡಲು ಯತ್ನಿಸಿದ್ದೇನೆ, ಕ್ಷಮಿಸಬೇಕು" ಎಂದಿತ್ತು. ಕೆಳಗೆ ಸಹಿಗೆ ಜಾಗ. ಸಹಿ ಹಾಕಿದರೆ ಒಂದು ತಿಂಗಳಲ್ಲಿ ಮತ್ತೆ ಪರೀಕ್ಷೆ ಬರೆಯಬಹುದು. ಹಾಕದಿದ್ದರೆ ಎರಡು ವರ್ಷ ಯಾವ ಕೇಂದ್ರದಲ್ಲೂ ಕೂರುವ ಹಾಗಿಲ್ಲ.

"ಇಕ್ಕಾ, ನಾನು ನಕಲು ಮಾಡಿಲ್ಲ."

"ಮಾಡಿಲ್ಲ ಅಂತ ನಂಗೆ ಗೊತ್ತಿಲ್ವಾ ಮೋಳೆ? ನಕಲು ಮಾಡೋಳಾಗಿದ್ರೆ ಪಾಸಾಗಿರ್ತಿದ್ದೆ." ಮಗಳನ್ನು ಕರೆಯುವ ಹಾಗೆ ಮೋಳೆ ಎಂದ ಅಸೈನಾರ್ ತಮ್ಮ ಮಾತಿಗೆ ತಾವೇ ನಕ್ಕರು. ಆಮೇಲೆ ದನಿ ಇಳಿಸಿದರು. "ಒಂದು ಸಹಿ ಹಾಕು. ಕೈಯೇನು ಸವೆದು ಹೋಗಲ್ಲ. ಈ ಹುಡುಗಿ ಕೈಲಿ ದಿನಕ್ಕೆ ಇಪ್ಪತ್ತು ಜನ ಮುಗಿಯಲ್ಲ. ನೀನಿದ್ರೆ ಐವತ್ತು. ಜನ ಬಯ್ಯೋದು ನನ್ನ."

ಅವರ ಮೇಲೆ ಕೋಪ ಮಾಡಿಕೊಳ್ಳಲು ಅವಳಿಗೆ ಆಗಲಿಲ್ಲ. ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿ, ಸಹಿ ಹಾಕಿ ಬರುತ್ತೇನೆ ಎಂದಳು. ಹಾಗೆ ಹೇಳುವಾಗ ಅವಳು ಸುಳ್ಳು ಹೇಳುತ್ತಿರಲಿಲ್ಲ.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಕೊಯಿಲಾಂಡಿ ದಾಟುವ ತನಕ ಅವಳು ಮನಸ್ಸಿನಲ್ಲೇ ಸಹಿ ಹಾಕುತ್ತಾ ಬಂದಳು, ಷೀ ಎಂದು ಬರೆಯುವಾಗ ದೀರ್ಘ ಹೇಗೆ ಎಳೆಯಬೇಕು ಎಂಬಷ್ಟು ವಿವರವಾಗಿ. ಆಮೇಲೆ ಪರೀಕ್ಷೆಯ ಹಾಲ್ ಕಣ್ಣಿಗೆ ಬಂತು. ತಣ್ಣಗಿನ ಕೋಣೆ, ನಲವತ್ತು ಕಂಪ್ಯೂಟರು, ಚಪ್ಪಲಿ ಹೊರಗೆ. ಅವಳ ಸುತ್ತ ಎಲ್ಲ ಇಪ್ಪತ್ತರ ಆಸುಪಾಸಿನವರು. ಪರದೆಯ ಮೇಲ್ಗಡೆ 'ಸೂಚನೆಗಳು' ಎಂಬ ನೀಲಿ ಅಕ್ಷರ. ಓದೋಣ ಎಂದು ಒತ್ತಿದಳು. ಹೊಸ ಟ್ಯಾಬಿನಲ್ಲಿ ತೆರೆಯಿತು. ತೆರೆಯಿತು ಎಂದರೆ ತಾನಾಗಿ ತೆರೆದದ್ದಲ್ಲ, ಎಡಗೈಯ ಕಿರುಬೆರಳು ಸುಮ್ಮನಿರದೆ ಮೂಲೆಯ ಕೀ ಒತ್ತಿ ತನ್ನ ಕೆಲಸ ಮಾಡಿಬಿಟ್ಟಿತ್ತು. ಕೆಂಪು ಪಟ್ಟಿ ಬಂತು: ನೀವು ಪರೀಕ್ಷೆಯ ಪುಟ ಬಿಟ್ಟು ಹೋಗಿದ್ದೀರಿ, ಇದು ಮೊದಲ ಎಚ್ಚರಿಕೆ. ಎಲ್ಲಿಗೆ ಹೋದೆ, ಇಲ್ಲೇ ಕೂತಿದ್ದೇನಲ್ಲ ಎಂದು ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಒಂಬತ್ತನೇ ಪ್ರಶ್ನೆಗೆ ಒಂದು ಪ್ಯಾರಾ ಓದಬೇಕಿತ್ತು, 'ಇಲ್ಲಿ ಒತ್ತಿ' ಎಂದಿತ್ತು. ಬಲಗೈಯನ್ನಷ್ಟೇ ಉಪಯೋಗಿಸಬೇಕು ಎಂದು ತನಗೆ ತಾನೇ ಹೇಳಿಕೊಂಡಳು, ಹೇಳಿಕೊಳ್ಳುತ್ತಿದ್ದ ಹಾಗೇ ಒತ್ತಿದಳು, ಮತ್ತೆ ಹೊಸ ಟ್ಯಾಬ್. ಎರಡನೇ ಎಚ್ಚರಿಕೆ. ಬೆವರಿದಳು. ಆಮೇಲೆ ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಏಟು ತಿಂದ ಶಾಲೆಯ ಹುಡುಗಿಯ ಹಾಗೆ ಕೂತು, ಹದಿನಾರರ ತನಕ ಬರೆದಳು.

ಹದಿನೇಳು: ಒಂದು ಲಿಂಕನ್ನು ಹೊಸ ಟ್ಯಾಬಿನಲ್ಲಿ ತೆರೆಯಲು ಮೌಸ್ ಕ್ಲಿಕ್ಕಿನ ಜೊತೆ ಒತ್ತಬೇಕಾದ ಕೀ ಯಾವುದು? ನಾಲ್ಕು ಹೆಸರು ಕೊಟ್ಟಿದ್ದರು. ಅವಳಿಗೆ ನಗು ಬಂತು. ಹದಿನೇಳು ವರ್ಷದಲ್ಲಿ ಲಕ್ಷ ಸಲ ಒತ್ತಿದ ಕೀಗೆ ಹೆಸರು ಏನು ಎಂದು ಗೊತ್ತಿಲ್ಲ. ಕೇಂದ್ರದ ಕೀಬೋರ್ಡಿನಲ್ಲಿ ಆ ಮೂಲೆಯ ಅಕ್ಷರಗಳು ಅಳಿಸಿಹೋಗಿ ಕಾಲವಾಗಿತ್ತು, ಅಳಿಸಿದ್ದೂ ಅವಳ ಬೆರಳೇ. ಟ್ಯಾಬಿಗೆ ಒಂದು, ಹೊಸ ವಿಂಡೋಗೆ ಅದರ ಮೇಲಿನದ್ದು. ಅಷ್ಟು ಗೊತ್ತು. ತೊಡೆಯ ಕೆಳಗಿಂದ ಕೈ ತೆಗೆದು ಕೀಗಳ ಮೇಲೆ ಸುಮ್ಮನೆ ಇಟ್ಟು ನೋಡಿದಳು. ಕಿರುಬೆರಳು ಎರಡು ಕೀಗಳ ನಡುವೆ ಅನುಮಾನಿಸುತ್ತಾ ನಿಂತಿತು. ಕೆಲಸವಿಲ್ಲದೆ ಸುಮ್ಮನೆ ಕೇಳಿದರೆ ಅದು ಹೇಳುವುದಿಲ್ಲ. ಬಲಗೈ ಒತ್ತಬೇಕು, ಆಗ ಇದಕ್ಕೆ ನೆನಪಾಗುತ್ತದೆ. ಪೂರ್ತಿ ಅರ್ಧ ನಿಮಿಷ ಅವಳು ಯೋಚಿಸಿದಳು. ಮೂರನೇ ಸಲ ಏನಾಗುತ್ತದೆ ಎಂದು ಕೆಂಪು ಪಟ್ಟಿ ಎರಡು ಸಲ ಹೇಳಿತ್ತು. ಆದರೂ 'ಸೂಚನೆಗಳು' ಮೇಲೆ ಬಾಣ ಇಟ್ಟು, ಕಣ್ಣನ್ನು ಕೀಬೋರ್ಡಿನ ಮೇಲೆ ನೆಟ್ಟು, ಕೈಗೆ ಬಿಟ್ಟುಕೊಟ್ಟಳು. ಬೆರಳು ಒತ್ತಿದ ಕೀಯ ಮೇಲೆ ಇಲ್ಲಿ ಹೆಸರಿತ್ತು, ಕಂಟ್ರೋಲ್! ಆ ಕ್ಷಣದಲ್ಲಿ ಆದ ಖುಷಿಯನ್ನು ಅವಳು ಯಾರಿಗೂ ಹೇಳಿಲ್ಲ. ಉತ್ತರಕ್ಕೆ ಗುರುತು ಹಾಕಲು ತಲೆ ಎತ್ತುವಷ್ಟರಲ್ಲಿ ಪರದೆ ಬಿಳಿಯಾಗಿತ್ತು, ಮೇಲ್ವಿಚಾರಕಿ ಅವಳ ಕುರ್ಚಿಯ ಹಿಂದೆ ನಿಂತು ಎಲ್ಲರಿಗೂ ಕೇಳುವ ಹಾಗೆ "ನೀವು ಹೊರಡಿ" ಎಂದಿದ್ದಳು. ನಲವತ್ತು ತಲೆಗಳು ತಿರುಗಿದವು. ಹೊರಗೆ ಬಂದು ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೊರಟಳು.

ಮೊದಲ ಎರಡು ಅಭ್ಯಾಸ. ಮೂರನೆಯದು ಬೇಕೆಂದೇ ಮಾಡಿದ್ದು. ರಾತ್ರಿ ಹಗಲು ಅವಳನ್ನು ತಿನ್ನುತ್ತಿದ್ದದ್ದು ಇದೇ. ಬಾಯಿಗೆ ಗೊತ್ತಿಲ್ಲದ್ದನ್ನು ತನ್ನದೇ ಕೈಯಿಂದ ಕೇಳಿ ತಿಳಿದರೆ ಅದು ನಕಲೇ? ಪಕ್ಕದವನ ಹಾಳೆ ನೋಡುವುದು ನಕಲು. ಪುಸ್ತಕ ಮುಚ್ಚಿಟ್ಟು ತರುವುದು ನಕಲು. ಕೈ ಪಕ್ಕದವನದ್ದಲ್ಲವಲ್ಲ. ಆದರೆ ಕೈಗೆ ಗೊತ್ತಿದೆ, ನಿನಗೆ ಗೊತ್ತಿಲ್ಲ ಎಂದ ಮೇಲೆ, ಪರೀಕ್ಷೆ ನಡೆದದ್ದು ನಿನಗೋ ಕೈಗೋ ಎಂದು ಒಬ್ಬ ವಕೀಲ ಅವಳೊಳಗೆ ಕೂತು ಕೇಳುತ್ತಿದ್ದ. ಆ ವಕೀಲನಿಗೆ ಅವಳು ಸುಹರಾಳ ಕಥೆ ಹೇಳುತ್ತಿದ್ದಳು. ಷೀಜಾ ಕೆಲಸಕ್ಕೆ ಸೇರಿದ ಮೊದಲ ವರ್ಷ, ನರ್ಸಿಂಗ್ ಶಾಲೆಗೆ ಅರ್ಜಿ ಹಾಕಲು ಕೊನೆಯ ದಿನ, ಸಂಜೆ ಐದಕ್ಕೆ ಹತ್ತು ನಿಮಿಷ. ಸುಹರಾಳ ಅರ್ಜಿಯ ಆರು ಪುಟವೂ ತುಂಬಿತ್ತು. ಫೋಟೋದ ಅಳತೆ ಎಷ್ಟಿರಬೇಕು ಎಂದು ನೋಡಲು ಷೀಜಾ ಒಂದು ಪುಟ ಹಿಂದಕ್ಕೆ ಹೋದಳು, ಅಷ್ಟೇ. ಆರೂ ಪುಟ ಖಾಲಿಯಾಯಿತು. ಮತ್ತೆ ತುಂಬುವಷ್ಟರಲ್ಲಿ ಐದು ದಾಟಿತ್ತು. "ಪರವಾಗಿಲ್ಲ ಚೇಚಿ, ಮುಂದಿನ ವರ್ಷ ಹಾಕೋಣ" ಎಂದಳು ಸುಹರಾ. ಮುಂದಿನ ವರ್ಷಕ್ಕೆ ಅವಳ ಮದುವೆಯಾಗಿತ್ತು. ಈಗಲೂ ಮಕ್ಕಳ ಕೆಲಸಕ್ಕೆ ಕೇಂದ್ರಕ್ಕೆ ಬರುತ್ತಾಳೆ, ಹಲ್ವ ತರುತ್ತಾಳೆ, ಚೇಚಿ ಚೇಚಿ ಎನ್ನುತ್ತಾಳೆ. ಅವಳಿಗೆ ನೆನಪಿದೆಯೋ ಇಲ್ಲವೋ ಕೇಳುವ ಧೈರ್ಯ ಷೀಜಾಳಿಗೆ ಬಂದಿಲ್ಲ. ಹಿಂದಕ್ಕೆ ಹೋಗದೆ ಹೊಸದು ತೆರೆಯುವುದನ್ನು ಷೀಜಾಳ ಕಿರುಬೆರಳು ಕಲಿತದ್ದು ಆ ಸಂಜೆ. ಒಬ್ಬ ಹುಡುಗಿಯ ಒಂದು ವರ್ಷ, ಬಹುಶಃ ಇಡೀ ಬದುಕು, ಬೆಲೆಯಾಗಿ ಕೊಟ್ಟು ಕಲಿತ ವಿದ್ಯೆಯನ್ನು ಇವರು ನಕಲು ಎನ್ನುತ್ತಾರೆ. ಬಸ್ಸು ಎಲತ್ತೂರು ಸೇತುವೆ ಹತ್ತಿದಾಗ ಅವಳಿಗೆ ಎಷ್ಟು ಸಿಟ್ಟು ಬಂತೆಂದರೆ, ಪಕ್ಕದಲ್ಲಿ ಕೂತಿದ್ದ ಹೆಂಗಸು ತನ್ನ ಸೀರೆಯ ಸೆರಗನ್ನು ತನ್ನ ಕಡೆಗೆ ಎಳೆದುಕೊಂಡಳು.

ಕಚೇರಿ ಮೂರನೇ ಮಹಡಿಯಲ್ಲಿತ್ತು. ವಿಚಾರಣೆ ಮಾಡುವ ಜಯದೇವನ್ ಸಾರ್ ಐವತ್ತು ದಾಟಿದವರು, ಕೆಟ್ಟವರಲ್ಲ. ಕೂರಲು ಹೇಳಿದರು, ಫ್ಯಾನ್ ಜೋರು ಮಾಡಿದರು, ಪರದೆಯನ್ನು ಅವಳಿಗೂ ಕಾಣುವ ಹಾಗೆ ಸ್ವಲ್ಪ ತಿರುಗಿಸಿದರು. ಅದರಲ್ಲಿ ಅವಳ ಹೆಸರು, ಫೋಟೋ, ಮೂರು ಸಲದ ಗಂಟೆ ನಿಮಿಷ ಸೆಕೆಂಡು ಎಲ್ಲ ಇತ್ತು.

"ಪತ್ರ ತಂದಿದ್ದೀರಲ್ಲ? ಕೊಡಿ. ಐದು ನಿಮಿಷದ ಕೆಲಸ."

ಅವಳು ಬ್ಯಾಗಿನಿಂದ ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ಸಹಿಯ ಜಾಗ ಖಾಲಿ ಇದ್ದದ್ದನ್ನು ನೋಡಿ ಅವರು ಪೆನ್ನು ಮುಂದಕ್ಕೆ ತಳ್ಳಿದರು. ಅವಳು ಪೆನ್ನು ತೆಗೆದುಕೊಂಡಳು. ಕ್ಯಾಪ್ ಬಿಚ್ಚಿದಳು. 'ನಕಲು' ಎಂಬ ಪದದ ಮೇಲೆ ಕಣ್ಣು ನಿಂತಿತು, ಮತ್ತೆ ಕ್ಯಾಪ್ ಹಾಕಿದಳು.

"ಸಾರ್, ಮೊದಲ ಎರಡು ಸಲ ನಂಗೆ ಗೊತ್ತಾಗದೆ ಆಯ್ತು. ಮೂರನೇದು ಗೊತ್ತಿದ್ದೇ ಮಾಡಿದ್ದು."

ಜಯದೇವನ್ ಸಾರ್ ತಲೆ ಎತ್ತಿದರು. ಇಷ್ಟನ್ನು ಅವರು ಕೇಳಿರಲೇ ಇಲ್ಲ. "ಹಾಗಾದ್ರೆ ಆಯ್ತಲ್ಲ. ಒಪ್ಕೊಂಡ ಹಾಗೇ ಆಯ್ತು."

"ನಿಯಮ ಮುರಿದೆ ಅಂತ ಒಪ್ತೀನಿ. ನಕಲು ಮಾಡಿದೆ ಅಂತ ಒಪ್ಪಲ್ಲ. ನಾನು ಯಾರನ್ನೂ ಕೇಳಿಲ್ಲ, ಎಲ್ಲೂ ನೋಡಿಲ್ಲ. ನನ್ನ ಕೈಯನ್ನ ಕೇಳಿದೆ."

"ಕೈಯನ್ನ?"

ಅವಳು ಹೇಳಿದಳು. ಅಳಿಸಿಹೋದ ಅಕ್ಷರ, ತೊಡೆಯ ಕೆಳಗೆ ಇಟ್ಟ ಕೈ, ಅರ್ಧ ನಿಮಿಷದ ಯೋಚನೆ, ಎಲ್ಲ. ಹೇಳುತ್ತಾ ಹೋದ ಹಾಗೆ ತನ್ನ ಮಾತು ತನಗೇ ಹುಚ್ಚರ ಮಾತಿನ ಹಾಗೆ ಕೇಳಿಸಿತು, ಆದರೆ ನಿಲ್ಲಿಸಲಿಲ್ಲ. ಅವರು ಪೂರ್ತಿ ಕೇಳಿದರು. ಕೇಳಿ ಕನ್ನಡಕ ತೆಗೆದು ಒರೆಸಿದರು.

"ನೋಡಿ ಷೀಜಾ, ನಾನು ನಿಮ್ಮನ್ನ ನಂಬ್ತೀನಿ. ಆದ್ರೆ ಇಲ್ಲಿ ಕಾರಣ ಹಾಕ್ಬೇಕಲ್ಲ, ಇದರಲ್ಲಿರೋದು ನಾಲ್ಕೇ." ಪರದೆಯ ಮೇಲೆ ಸಣ್ಣ ಪಟ್ಟಿ ಇಳಿಯಿತು. ನಕಲು. ಬೇರೆಯವರ ನೆರವು. ಬೇರೆಯವರ ಹೆಸರಲ್ಲಿ ಬರೆದದ್ದು. ಉಪಕರಣ ಹಾಳುಮಾಡಿದ್ದು. "ಕೈಯನ್ನ ಕೇಳಿದ್ದು ಅಂತ ಐದನೇದು ಎಲ್ಲಿಂದ ತರ್ಲಿ?"

"ಖಾಲಿ ಬಿಡಿ."

"ಖಾಲಿ ಬಿಟ್ರೆ ಸೇವ್ ಆಗಲ್ಲ."

"ಆಗೋದು ಬೇಡ."

"ಅಲ್ಲ ಕಣ್ರೀ, ಒಂದು ತಿಂಗಳಲ್ಲಿ ಮತ್ತೆ ಕುರ್ಚಿ ಸಿಗುತ್ತೆ. ಈ ಪದ ಯಾರು ನೋಡ್ತಾರೆ? ಇಲ್ಲೇ ಒಳಗೆ ಇರುತ್ತೆ, ಅಷ್ಟೇ."

"ಒಳಗೆ ಇರುತ್ತಲ್ಲ ಸಾರ್."

"ಎರಡು ವರ್ಷ ಹೋಗುತ್ತೆ ನಿಮ್ದು!"

"ಹೋಗ್ಲಿ. ಎರಡು ವರ್ಷ ಅಂತಲೇ ಹಾಕಿ. ನಿಯಮ ಮುರಿದಿದ್ದಕ್ಕೆ ಅದೇ ಶಿಕ್ಷೆ ಅಂದ್ರೆ ತಗೋತೀನಿ. ಕಳ್ಳಿ ಅಂತ ಮಾತ್ರ ಬರೀಬೇಡಿ." ದನಿ ಏರಿತು. ಪಕ್ಕದ ಮೇಜಿನವರು ತಿರುಗಿದರು. ತಿರುಗಲಿ ಎನಿಸಿತು ಅವಳಿಗೆ. "ಇಪ್ಪತ್ತು ಜನರ ಅರ್ಜಿ ಒಟ್ಟಿಗೆ ಈ ಕೈಯಲ್ಲಿ ಇಟ್ಕೊಂಡಿದ್ದೀನಿ. ಒಬ್ಬರದ್ದು ಇನ್ನೊಬ್ಬರದ್ದಕ್ಕೆ ಸೇರಿಲ್ಲ. ಒಬ್ಬರ ನಂಬರ್ ಇನ್ನೊಬ್ಬರಿಗೆ ಹೇಳಿಲ್ಲ. ಹೋಗಿ ಪಯ್ಯೋಳೀಲಿ ಕೇಳಿ."

ಅವರು ನಿಟ್ಟುಸಿರು ಬಿಟ್ಟು, "ಸರಿ, ನೀವು ಸಹಿ ಹಾಕ್ಬೇಡಿ, ನಾನೇ ಒಂದು ಒತ್ತಿ ಮುಗಿಸ್ತೀನಿ" ಎಂದು ಕನ್ನಡಕ ಹಾಕಿಕೊಳ್ಳಲು ಎರಡೂ ಕೈ ಎತ್ತಿದರು. ಅಷ್ಟರಲ್ಲಿ ಷೀಜಾ ಮೇಜಿನ ಮೇಲೆ ಬಾಗಿ ಮೌಸನ್ನು ಎಳೆದುಕೊಂಡಳು. ತಾನು ಹೀಗೆ ಮಾಡುತ್ತೇನೆಂದು ಅವಳಿಗೂ ಗೊತ್ತಿರಲಿಲ್ಲ. ಅಂಗೈ ಅದರ ಮೇಲೆ ಬಿಗಿಯಾಗಿ ಕೂತಿತ್ತು.

"ಏನ್ ಮಾಡ್ತಿದ್ದೀರಿ?"

"ಒತ್ತೋದಕ್ಕೆ ಬಿಡಲ್ಲ."

"ಸರ್ಕಾರಿ ಕಚೇರಿ ಇದು."

"ನನ್ನ ಹೆಸರು ಅದು."

ಜಯದೇವನ್ ಸಾರ್ ಕೆಂಪಾದರು. ಮೌಸಿನ ಕಡೆ ಕೈ ಚಾಚಿದವರು, ಒಬ್ಬ ಹೆಂಗಸಿನ ಕೈಯಿಂದ ಅದನ್ನು ಕಿತ್ತುಕೊಳ್ಳುವುದು ಹೇಗೆಂದು ತಿಳಿಯದೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. "ಮೇಡಂನ ಕರ್ಕೊಂಡ್ ಬರ್ತೀನಿ. ಅವರೇ ನೋಡ್ಕೊಳ್ಲಿ" ಎಂದು ಎದ್ದು ಹೋದರು. ಊಟದ ಹೊತ್ತು. ಪಕ್ಕದ ಮೇಜಿನವರೂ ಡಬ್ಬಿ ಹಿಡಿದು ಒಬ್ಬೊಬ್ಬರಾಗಿ ಎದ್ದರು, ಹೋಗುತ್ತಾ ಅವಳನ್ನೇ ನೋಡಿಕೊಂಡು ಹೋದರು. ಮೀನು ಸಾರಿನ ವಾಸನೆ ಬಂತು. ಅವಳಿಗೆ ಹಸಿವಾಗಿತ್ತು. ಬಾಗಿಲಿನ ಕಡೆ ನೋಡುತ್ತಾ ಐದು ನಿಮಿಷ ಕಳೆಯಿತು, ಹತ್ತು ನಿಮಿಷ ಕಳೆಯಿತು. ಯಾರೂ ಬರಲಿಲ್ಲ.

ಪುಟ ಅವಳೆದುರಿಗೆ ತೆರೆದೇ ಇತ್ತು. ಫೋಟೋದಲ್ಲಿ ಅವಳು ಹದಿನೇಳು ವರ್ಷ ಚಿಕ್ಕವಳು. ಮೌಸ್ ಅವಳ ಕೈಯಲ್ಲಿ. ಮೇಲಿನ ಮೂಲೆಯಲ್ಲಿ ಮುಚ್ಚುವ ಗುರುತು. ಒಂದು ಸಲ ಒತ್ತಿದರೆ ಈ ವಿಚಾರಣೆ ಸೇವ್ ಆಗದೆ ಅಳಿಸಿಹೋಗುತ್ತದೆ. ಜಯದೇವನ್ ಸಾರ್ ವಾಪಸ್ಸು ಬಂದು ಮೊದಲಿನಿಂದ ತುಂಬಬೇಕು, ಅಷ್ಟರಲ್ಲಿ ಅವಳು ಬಸ್ಸಿನಲ್ಲಿರುತ್ತಾಳೆ, ಫೈಲು ತಿಂಗಳುಗಟ್ಟಲೆ ಎಲ್ಲೋ ಬಿದ್ದಿರುತ್ತದೆ, ಯಾರಿಗೆ ಗೊತ್ತು, ಮರೆತೇ ಹೋಗಬಹುದು. ಬಾಣ ಆ ಮೂಲೆಯ ತನಕ ಹೋಯಿತು. ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಈ ಸಲ ಅವಳು ಕೈಯನ್ನು ಕೇಳಲಿಲ್ಲ. ಮುಚ್ಚಿ ಓಡಿಹೋದರೆ ಅವರು ಬರೆಯಬೇಕೆಂದಿದ್ದ ಪದಕ್ಕೆ ತಾನೇ ಸಹಿ ಹಾಕಿದ ಹಾಗೆ. ಬಾಣವನ್ನು ಕೆಳಕ್ಕೆ ತಂದು, ಏನೂ ಬರೆದಿರದ ಜಾಗದಲ್ಲಿ ಬಿಟ್ಟಳು.

ಹದಿನೈದನೇ ನಿಮಿಷಕ್ಕೆ ಪರದೆ ಮಂಕಾಯಿತು. ನಡುವೆ ಒಂದು ಚೌಕ ಮೂಡಿತು. ಬಹಳ ಹೊತ್ತಿನಿಂದ ಏನೂ ಒತ್ತಿಲ್ಲ, ಈ ಪುಟ ಮುಚ್ಚಿಹೋಗಲಿದೆ, ನೀವು ಇನ್ನೂ ಇದ್ದೀರಾ ಎಂದು ಅದು ಕೇಳಿತು. ಕೆಳಗೆ ಅರವತ್ತು, ಐವತ್ತೊಂಬತ್ತು, ಐವತ್ತೆಂಟು ಎಂದು ಅಂಕಿ ಇಳಿಯುತ್ತಿತ್ತು. ಕಾರಿಡಾರಿನಲ್ಲಿ ಎರಡು ಜೊತೆ ಹೆಜ್ಜೆಯ ಸದ್ದು, ಒಂದು ಹೆಂಗಸಿನ ಗಡಸು ದನಿ. ಷೀಜಾ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, ಬೆನ್ನು ನೆಟ್ಟಗೆ ಮಾಡಿ, 'ಇದ್ದೇನೆ' ಎಂಬುದನ್ನು ಒತ್ತಿದಳು.